ಕಷ್ಟದ ದಿನಗಳಲ್ಲಿ ಮನೆಮಂದಿಗೆ ಕೃತಜ್ಞತೆ: ನೋಟ್‌ಬುಕ್ ಮೂರನೇ ವಾರಕ್ಕೇ ನಿಂತಿದೆ, ಮುಂದೇನು?

ಠಾಕುರ್ಲಿ ಸ್ಲೋ

ಮುಂಬೈ ಹತ್ತಿರದ ಡೊಂಬಿವ್ಲಿ ಪೂರ್ವ, ಒಂದು ಬೆಡ್‌ರೂಮು, ಐದು ಜನ. ಲಕ್ವ ಹೊಡೆದು ಹಾಸಿಗೆ ಹಿಡಿದ ಮಾವ, ಮಂಡಿನೋವಿನ ಅತ್ತೆ, ಗಂಡ, ಹೆಂಡತಿ, ಎಂಟನೇ ಕ್ಲಾಸಿನ ಮಗಳು. ದುಡಿಯುವ ಕೈ ಈಗ ಒಂದೇ. ಗಂಡ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿನಿಂದ ವಾಪಸಾಗುವಾಗ ರಾತ್ರಿ ಎಂಟೂವರೆ. ಮನೆ ಸಾಲದ ಕಂತು, ಔಷಧಿ, ಡಯಪರ್ ಕಳೆದರೆ ಇಪ್ಪತ್ತನೇ ತಾರೀಖಿಗೆ ಕೈ ಖಾಲಿ.

ಊಟದ ಹೊತ್ತಿನ ಮಾತೆಲ್ಲ ಬರೀ ದೂರೇ ಆಗುತ್ತಿದೆ ಅಂತ ಒಂದು ಕೃತಜ್ಞತೆಯ ನೋಟ್‌ಬುಕ್ ಶುರುವಾಯಿತು. ಪ್ರತಿ ರಾತ್ರಿ ಎಲ್ಲರೂ ಐದೈದು ವಿಷಯ ಬರೆಯುವುದು. ಮೊದಲ ವಾರ ಚೆನ್ನಾಗಿತ್ತು. ಎರಡನೇ ವಾರ ಎಲ್ಲರದ್ದೂ "ಆರೋಗ್ಯ, ಊಟ, ದೇವರು". ಮೂರನೇ ವಾರ ಮಗಳು "ಮೇಲಿನಂತೆ" ಅಂತ ಬರೆದಳು. ಅತ್ತೆಯದು ಮೊದಲಿನಿಂದಲೂ ಒಂದೇ ಮಾತು: ಮನೆಯವರಿಗೆ ಎಂಥ ಥ್ಯಾಂಕ್ಸು?

ಇದನ್ನು ನಾಟಕ ಅನ್ನಿಸದ ಹಾಗೆ ನಡೆಸುವುದು ಹೇಗೆ? ದಿನಾ ಬರೆಯಬೇಕಾ, ವಾರಕ್ಕೊಮ್ಮೆ ಸಾಕಾ? ಬರೆಯಲೇಬೇಕಾ? ದಯವಿಟ್ಟು "ಪಾಸಿಟಿವ್ ಆಗಿರಿ" ಅನ್ನಬೇಡಿ, ಅದು ಬೆಳಿಗ್ಗೆ ಆರಕ್ಕೇ ವಾಟ್ಸಾಪಿನಲ್ಲಿ ಬಂದು ಬಿದ್ದಿರುತ್ತದೆ.

ವಿಕ್ರೋಳಿ ವಾಚಕ

"ಮೇಲಿನಂತೆ" ಅಂತ ಬರೆದ ಹುಡುಗಿಯೇ ರೋಗವನ್ನು ಸರಿಯಾಗಿ ಪತ್ತೆ ಹಚ್ಚಿದ್ದಾಳೆ. ನೋಟ್‌ಬುಕ್ ನಿಲ್ಲುವುದಕ್ಕೆ ಮುಖ್ಯವಾಗಿ ಮೂರು ಕಾರಣ, ಮೂರೂ ನಿಮ್ಮಲ್ಲಿವೆ.

ಮೊದಲನೆಯದು ಲೆಕ್ಕ. ಐದು ಜನ, ದಿನಕ್ಕೆ ಐದೈದು, ಅಂದರೆ ವಾರಕ್ಕೆ 175 ವಿಷಯ. ಯಾವ ಮನೆಯಲ್ಲೂ ವಾರಕ್ಕೆ 175 ಹೊಸ ಸಂಗತಿ ನಡೆಯುವುದಿಲ್ಲ. ಹೀಗಾಗಿ ಮನಸ್ಸು ಗೋದಾಮಿನಿಂದ ಹಳೇ ಸರಕು ತೆಗೆದು ಕೊಡುತ್ತದೆ: ಆರೋಗ್ಯ, ಊಟ, ದೇವರು. 2005ರಲ್ಲಿ ಮನಶ್ಶಾಸ್ತ್ರಜ್ಞೆ ಲ್ಯುಬೊಮಿರ್ಸ್ಕಿ ಮತ್ತು ಜೊತೆಗಾರರು ಕೃತಜ್ಞತೆ ಬರೆಯಿಸಿದ ಆರು ವಾರದ ಒಂದು ಪ್ರಯೋಗದ ಫಲಿತಾಂಶ ಬರೆದರು. ವಾರಕ್ಕೊಮ್ಮೆ ಬರೆದ ಗುಂಪಿನ ನೆಮ್ಮದಿ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರದ್ದು ಹೆಚ್ಚಲಿಲ್ಲ. ಪದೇ ಪದೇ ಮಾಡಿದ್ದು ಚಾಕರಿಯಾಯಿತು ಅಂತ ಅವರ ಊಹೆ. ಎಮ್ಮನ್ಸ್ ಮತ್ತು ಮೆಕಲಫ್ ಅವರ 2003ರ ಪ್ರಸಿದ್ಧ ಅಧ್ಯಯನದ ಮೊದಲ ಭಾಗವೂ ವಾರಕ್ಕೊಮ್ಮೆಯ ಲೆಕ್ಕದಲ್ಲೇ, ಹತ್ತು ವಾರ ನಡೆದದ್ದು.

ಎರಡನೆಯದು, ವಿಷಯ ತೀರಾ ದೊಡ್ಡದು. "ಆರೋಗ್ಯ" ಅಂದಾಗ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡುವುದಿಲ್ಲ. ಅದೇ "ಗುರುವಾರ ನೀರು ಬೇಗ ನಿಂತಾಗ ಅಜ್ಜಿ ಅಷ್ಟರಲ್ಲೇ ಎರಡು ಹಂಡೆ ತುಂಬಿಸಿಟ್ಟಿದ್ದರು" ಅಂದರೆ ಚಿತ್ರ ಬರುತ್ತದೆ, ಅಜ್ಜಿಯೂ ಬರುತ್ತಾರೆ.

ಮೂರನೆಯದು, ಬರೆದದ್ದರಲ್ಲಿ ಮನುಷ್ಯರೇ ಇಲ್ಲ. ವಸ್ತುಗಳ ಪಟ್ಟಿ ಮಾಡಿದರೆ ಅದು ದಿನಸಿ ಚೀಟಿ. ಮನೆಯ ವಾತಾವರಣ ಬದಲಾಗಬೇಕಾದರೆ ವಾಕ್ಯದಲ್ಲಿ ಯಾರೋ ಏನೋ ಮಾಡಿರಬೇಕು.

ನಾನು ಸೂಚಿಸುವ ಕ್ರಮ ಇದು. ವಾರಕ್ಕೆ ಒಂದು ದಿನ, ಹತ್ತು ನಿಮಿಷ, ತಲೆಗೆ ಒಂದೇ ಚೀಟಿ. ಹಳೇ ಕ್ಯಾಲೆಂಡರಿನ ಹಿಂಬದಿ ಕತ್ತರಿಸಿದರೆ ಕಾಗದದ ಖರ್ಚೂ ಇಲ್ಲ. ಚೀಟಿಯಲ್ಲಿ ಮೂರು ತುಂಡು: ಯಾರು ಏನು ಮಾಡಿದರು, ಅದಕ್ಕಾಗಿ ಏನನ್ನು ಬಿಟ್ಟರು, ಅದರಿಂದ ಏನಾಯಿತು. ಉದಾಹರಣೆಗೆ: "ಬುಧವಾರ ಗ್ಯಾಸ್ ಮುಗಿದಾಗ ಅಮ್ಮ ನಿದ್ದೆ ಬಿಟ್ಟು ಇಂಡಕ್ಷನ್ ಮೇಲೇ ಅವಲಕ್ಕಿ ಮಾಡಿ 6.40ಕ್ಕೆ ಡಬ್ಬಿ ಕಟ್ಟಿದರು, ಅಪ್ಪನ ಲೋಕಲ್ ತಪ್ಪಲಿಲ್ಲ." ನಡುವಿನ ತುಂಡೇ ಜೀವ. ಏನನ್ನು ಬಿಟ್ಟರು ಅನ್ನುವುದು ಹೊಳೆಯದಿದ್ದರೆ ಆ ಕೆಲಸವನ್ನು ನಾವಿನ್ನೂ ಸರಿಯಾಗಿ ನೋಡಿಲ್ಲ ಅಂತಲೇ ಅರ್ಥ.

ಚೀಟಿಯನ್ನು ಸಂಬಂಧಪಟ್ಟವರ ಕಿವಿಗೆ ಬೀಳುವ ಹಾಗೆ ಓದಿ, ಡಬ್ಬಿಗೆ ಹಾಕಿ. ಪ್ರತಿಕ್ರಿಯೆ ಕಾಯಬೇಡಿ, ಚಪ್ಪಾಳೆ ಬೇಡ. ಓದಿದ ಕೂಡಲೇ "ಆದರೆ ಮೊನ್ನೆ ಮಾತ್ರ…" ಅಂತ ಬಾಲ ಸೇರಿಸುವ ಚಟ ಎಲ್ಲ ಮನೆಯಲ್ಲೂ ಉಂಟು. ಆ ಹತ್ತು ನಿಮಿಷ "ಆದರೆ" ನಿಷಿದ್ಧ.

ಎಣ್ಣೆಗಾಯಿ ಹಡಪಸರ್

ಚೀಟಿ ಬರೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದಕ್ಕೂ ಮದ್ಲ ಒಂದು ಹಾಳಿ ಬರಿಯೂದದ. ಲಕ್ವ ಹೊಡದವ್ರನ್ನ ನೋಡ್ಕೊಳ್ಳೂ ಮನ್ಯಾಗ ಕೆಲಸದ ಲೆಕ್ಕ ಇಲ್ಲದ ಕೃತಜ್ಞತಾ ಅಂದ್ರ ಸೊಸಿ ಬಾಯಿ ಮುಚ್ಚಿಸೂ ಬಟ್ಟಿ ಇದ್ದಂಗ. "ನೀ ಎಷ್ಟ್ ಮಾಡ್ತಿ ನಮ್ಮವ್ವ" ಅಂದು ಎಲ್ಲಾರೂ ಮಲಗಿಬಿಟ್ರ, ರಾತ್ರಿ ಒಂದಕ್ಕ ಮಗ್ಗಲಾ ಹೊಳ್ಸಾಕ ಏಳೂದು ಮತ್ತ ಆಕಿನ.

ಲೆಕ್ಕ ಹಿಂಗ ಹಾಕ್ರಿ. ಹಾಸಿಗಿ ಹಿಡದವ್ರಿಗೆ ಸಾಮಾನ್ಯ ಸಲಹಾ ಅಂದ್ರ ಎರಡು ತಾಸಿಗೊಮ್ಮೆ ಮಗ್ಗಲಾ ಬದಲಸೂದು. ದಿನಕ್ಕ 12 ಸಲ, ದಿಂಬು ಸರಿ ಮಾಡೂದು ಸೇರಿ ಒಂದಕ್ಕ 8 ನಿಮಿಷ ಹಿಡೀರಿ, 96 ನಿಮಿಷ. ಡಯಪರ್ ಐದು ಸಲ, 15ರಂಗ 75. ತಿನ್ನಸೂದು ಐದು ಸಲ, 25ರಂಗ 125. ಮೈ ಒರಸೂದು 40. ಗುಳಿಗಿ, ಬಿಪಿ ನಾಕು ಸಲ, 20. ಹಾಸಿಗಿ ಅರಬಿ ತೊಳದು ಒಣಗ್ಹಾಕೂದು 45. ಕೂಡಿಸಿದ್ರ 401 ನಿಮಿಷ. ಆರೂವರಿ ತಾಸು ದಾಟ್ತು, ಅಡಗಿ, ನೀರು, ಮಗಳ ಸಾಲಿ ಇನ್ನೂ ಬಂದಿಲ್ಲ. ಈ ಹಾಳಿ ಫ್ರಿಜ್ ಮ್ಯಾಲೆ ಅಂಟಸ್ರಿ. ಗಂಡಸರು ಮದ್ಲನೇ ಸಲ ಓದಿದಾಗ ಮಾತಾಡಂಗಿಲ್ಲ, ಅದು ಛಲೋ ಲಕ್ಷಣ.

ಈಗ ಹಂಚ್ರಿ. ಅತ್ತಿಯವ್ರ ಮಂಡಿ ನೋವು, ನಿಂತು ಮಾಡೂ ಕೆಲಸ ಆಗಂಗಿಲ್ಲ, ಆದ್ರ ಕುಂತು ಐದರಾಗ ಎರಡು ಸಲ ತಿನ್ನಸಬಹುದು: 50 ನಿಮಿಷ ಇಳೀತು. ಗಂಡ ಬಂದ ಮ್ಯಾಲೆ ಅರಬಿ ತೊಳದು ಹಾಕೂದು, ಒಂಬತ್ತರ ಮತ್ತು ಹನ್ನೊಂದರ ಮಗ್ಗಲಾ ಅವರ ಪಾಳಿ: 45 ಮತ್ತ 16. ಅಲ್ಲಿಗೆ 111 ನಿಮಿಷ ಹಗರ ಆತು. ಮಗಳಿಗೆ ಮೈ ಮುಟ್ಟೂ ಕೆಲಸ ಹಚ್ಚಬ್ಯಾಡ್ರಿ. ವಾರಕ್ಕೊಮ್ಮೆ ಏಳು ದಿನ, ನಾಕು ಹೊತ್ತಿನ 28 ಖಣದ ಗುಳಿಗಿ ಡಬ್ಬಿ ತುಂಬಲಿ, ದೊಡ್ಡವರೊಬ್ರು ಡಾಕ್ಟರ್ ಚೀಟಿ ಹಿಡದು ತಾಳೆ ನೋಡ್ಲಿ.

ಎಲ್ಲಾರಿಗೂ ಕೆಲಸ ಹೇಳಿಕೊಡೂ ಮುಂದ ನಾಕು ಮಾತು ಪಕ್ಕಾ ಇರ್ಲಿ, ಇಲ್ಲಾಂದ್ರ "ನನಗ ಬರಂಗಿಲ್ಲ" ಅಂತ ವಾಪಸ್ ಕೊಡ್ತಾರ. ಪೂರ್ತಿ ಅಡ್ಡ ಮಗ್ಗಲಾ ಬ್ಯಾಡ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಿದ್ರ ಸಾಕು. ಮೀನಖಂಡದ ಕೆಳಗ ದಿಂಬು ಇಟ್ಟು ಹಿಮ್ಮಡಿ ಗಾಳ್ಯಾಗ ತೇಲಬೇಕು. ಕೆಂಪಾದ ಜಾಗಾ ಉಜ್ಜಬ್ಯಾಡ್ರಿ. ಬೆರಳಿಲೆ ಒತ್ತಿ ಬಿಟ್ರೂ ಕೆಂಪು ಹೋಗದಿದ್ರ ಹುಣ್ಣಿನ ಶುರುವಾತು ಅಂತ ತಿಳೀರಿ, ನರ್ಸಿಗೆ ತೋರಸ್ರಿ. ನಡುವ ತೂತಿರೂ ಟ್ಯೂಬ್ ರಿಂಗ್ ತರಬ್ಯಾಡ್ರಿ, ಅದು ಸುತ್ತಲಿನ ರಕ್ತ ಹರಿಯೂದನ್ನ ತಡೀತದ. ತಿನ್ನಿಸೂ ಮುಂದ ನೆಟ್ಟಗ ಕುಂದರಿಸಿ, ಆಮ್ಯಾಲೂ ಅರ್ಧ ತಾಸು ಹಂಗ ಇರ್ಲಿ. ನುಂಗೂ ಮುಂದ ಕೆಮ್ಮು ಬಂದ್ರ, ದನಿ ಒದ್ದಿ, ಗೊರಗೊರ ಅನಿಸಿದ್ರ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ಹೇಳ್ರಿ. ಒಳ್ಳೆ ಏರ್ ಬೆಡ್ ಇದ್ರ ರಾತ್ರಿ ಅಂತರ ಹೆಚ್ಚ ಮಾಡಬಹುದು, ಆದ್ರ ಚರ್ಮ ನೋಡಿ ನರ್ಸ್ ಹೇಳಿದ್ರ ಮಾತ್ರ.

ಇದಾದ ಮ್ಯಾಲೆ ಚೀಟಿ ಓದ್ರಿ. ಮೀನಖಂಡದ ಕೆಳಗ ದಿಂಬು ಇಟ್ಟು ನೋಡಿದ ಕೈ ಬರದ ಚೀಟಿನೇ ಬ್ಯಾರೆ ಇರ್ತದ.

ಠಾಕುರ್ಲಿ ಸ್ಲೋ

401ರ ಹಾಳೆ ಇವತ್ತೇ ಅಂಟಿಸುವುದು. ಎರಡು ಗಂಟು ಉಳಿದವು. ಒಂದು, ಅತ್ತೆಯ "ಮನೆಯವರಿಗೆ ಎಂಥ ಥ್ಯಾಂಕ್ಸು". ಇನ್ನೊಂದು, ಮಾವ ಎಲ್ಲ ಕೇಳಿಸಿಕೊಳ್ಳುತ್ತಾರೆ ಅನ್ನಿಸುತ್ತದೆ, ಆದರೆ ಮಾತು ಹೋಗಿದೆ. ಅವರನ್ನು ಪಕ್ಕಕ್ಕಿಟ್ಟು ಚೀಟಿ ಓದುವುದು ಸರಿ ಕಾಣುವುದಿಲ್ಲ.

ಕುರ್ಲಾ ಕುಚ್ಚಲಕ್ಕಿ

ಅತ್ತೆ ಹೇಳಿದ್ದು ತಪ್ಪಲ್ಲ ಮಾರಾಯ್ರೆ. ನಮ್ಮಲ್ಲಿ ಧನ್ಯವಾದ ಅಂದರೆ ಸಭೆಯ ಕೊನೆಗೆ ವಂದನಾರ್ಪಣೆ ಮಾಡುವವರ ಸೊತ್ತು. ಒಳಗಿನವರಿಗೆ ಅದನ್ನು ಹೇಳಿದರೆ ಹೊರಗಿನವರನ್ನಾಗಿ ಮಾಡಿದ ಹಾಗೆ ಕೇಳುತ್ತದೆ. ಹಾಗಂತ ಮನೆಯಲ್ಲಿ ಕೃತಜ್ಞತೆಗೆ ಭಾಷೆ ಇಲ್ಲ ಅಂತಲ್ಲ, ಬೇರೆ ಉಂಟು. "ಇವತ್ತಿನ ಸಾರಿಗೆ ಕೈ ಹಿಡಿದಿದೆ." "ನೀನು ಉಂಡೆಯಾ?" ಗಂಜಿಯ ಮೇಲಿನ ತಿಳಿ ಯಾರಿಗೆ ಇಟ್ಟಿರಿ, ಕಾಯಿಸಿದ ಹಾಲಿನ ಕೆನೆ ಯಾರ ಲೋಟಕ್ಕೆ ಹೋಯಿತು. ಅತ್ತೆಗೆ ಚೀಟಿ ಬೇಡ. ಊರಿಗೆ ಫೋನ್ ಮಾಡುವಾಗ ಸ್ಪೀಕರ್ ಹಾಕಿ, ಅವರ ಎದುರಿಗೇ ನಾದಿನಿಗೆ ಹೇಳಿ: "ಎರಡು ಹೊತ್ತು ಅತ್ತೆಯೇ ತಿನ್ನಿಸುತ್ತಾರೆ, ನನಗೆ ಮಧ್ಯಾಹ್ನ ಒಂದು ಗಂಟೆ ಬೆನ್ನು ನೆಲಕ್ಕೆ ತಾಗುತ್ತದೆ." ಎದುರಿಗೆ ಹೇಳಿದರೆ ಮುಜುಗರ ಪಡುವವರು ಮೂರನೆಯವರ ಹತ್ತಿರ ಹೇಳಿದ್ದನ್ನು ಹತ್ತು ದಿನ ನೆನಪಿಡುತ್ತಾರೆ.

ಇನ್ನೊಂದು ಸೂಕ್ಷ್ಮ. ಹೊಗಳಿಕೆಯ ತೂಕ ಮಾಡಿದವರ ಕಡೆಗೆ ಬೀಳಬೇಕು. "ನನಗೆ ಎಷ್ಟು ಆರಾಮಾಯಿತು" ಅಂದಷ್ಟಕ್ಕೆ ನಿಲ್ಲಬಾರದು, "ನಿಮಗೆ ಅವರ ನುಂಗುವ ಲಯ ಗೊತ್ತುಂಟು" ಅನ್ನಬೇಕು. ಆಲ್ಗೋ ಮತ್ತು ಜೊತೆಗಾರರು 2016ರಲ್ಲಿ ಜೋಡಿಗಳ ಮಾತುಕತೆಯನ್ನು ಹೀಗೆ ಬಿಡಿಸಿ ನೋಡಿದ್ದಾರೆ. ಕೇಳಿದವರ ಮನಸ್ಸಿಗೆ ತಾಗಿದ್ದು ಅವರ ಗುಣವನ್ನು ಎತ್ತಿ ಹೇಳಿದ ಭಾಗ, ಹೇಳಿದವರಿಗಾದ ಲಾಭದ ವರದಿಯಲ್ಲ.

ಮಗಳ ವಿಷಯದಲ್ಲಿ ಒಂದು ವಾಕ್ಯವನ್ನು ಮನೆಯಿಂದ ಹೊರಗೆ ಹಾಕಿ: "ನಿನಗೋಸ್ಕರ ನಾವು ಎಷ್ಟು ಕಷ್ಟಪಡ್ತಾ ಇದ್ದೇವೆ, ಗೊತ್ತುಂಟಾ?" ಇದು ಕಲಿಸುವುದು ಋಣವನ್ನು, ಕೃತಜ್ಞತೆಯನ್ನಲ್ಲ. ಎರಡೂ ಒಂದೇ ಬುಟ್ಟಿಯದ್ದು ಅಂತ ನಮಗೆ ಅಭ್ಯಾಸ, ಆದರೆ ಮನಸ್ಸಿನಲ್ಲಿ ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ. 2006ರಲ್ಲಿ ವಾಟ್ಕಿನ್ಸ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ: ಕೊಟ್ಟವರು ವಾಪಸ್ ನಿರೀಕ್ಷಿಸುತ್ತಾರೆ ಅಂತ ಕಂಡಷ್ಟೂ ಪಡೆದವರಲ್ಲಿ ಋಣಭಾರ ಏರುತ್ತದೆ, ಕೃತಜ್ಞತೆ ಇಳಿಯುತ್ತದೆ. ಋಣಭಾರದ ಮಕ್ಕಳು ಎದುರಿಗೆ ತಲೆ ತಗ್ಗಿಸುತ್ತಾರೆ, ಆಮೇಲೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ನಿಮಗೆ ಕೋಣೆ ಒಂದೇ, ಹಾಗಾಗಿ ಇಯರ್‌ಫೋನ್ ಹಾಕಿಕೊಳ್ಳುತ್ತಾಳೆ, ಅಷ್ಟೇ ವ್ಯತ್ಯಾಸ. ಹಣದ ಬಗ್ಗೆ ಮುಚ್ಚಿಡುವುದೂ ಬೇಡ, ಇಡೀ ಪಾಸ್‌ಬುಕ್ ತೋರಿಸಿ ಹೆದರಿಸುವುದೂ ಬೇಡ. ಒಂದು ಅಂಕಿ, ಒಂದು ತೀರ್ಮಾನ: "ಈ ತಿಂಗಳು ತರಕಾರಿಗೆ ಇಷ್ಟು ಉಂಟು, ಶನಿವಾರದ ಪಟ್ಟಿ ನೀನು ಮಾಡು." ಬೆಂಡೆಕಾಯಿಯ ದರ ನೋಡಿ ಅವಳೇ ಪಟ್ಟಿಯಿಂದ ಹೊಡೆದು ಹಾಕಿದ ದಿನ ನಿಮಗೆ ಬರೆಯಲು ಚೀಟಿ ಸಿಕ್ಕಿತು.

ಮಾವನವರ ಬಗ್ಗೆ. ಲಕ್ವದ ನಂತರ ಮಾತು ಹೋದವರಲ್ಲಿ ಎಷ್ಟೋ ಮಂದಿಗೆ ಅರ್ಥವಾಗುವುದು ಸುಮಾರು ಮಟ್ಟಿಗೆ ಉಳಿದಿರುತ್ತದೆ. ಎಷ್ಟು ಅಂತ ಸ್ಪೀಚ್ ಥೆರಪಿಸ್ಟ್ ಒಮ್ಮೆ ನೋಡಿದರೆ ಒಳ್ಳೆಯದು. ಅಲ್ಲಿಯವರೆಗೆ ಟಿವಿ ಆರಿಸಿ, ಎದುರು ಕೂತು, ಒಂದು ಸಲಕ್ಕೆ ಒಂದೇ ಸಣ್ಣ ವಾಕ್ಯ. ಹೌದು ಅಥವಾ ಇಲ್ಲ ಎನ್ನಬಹುದಾದ ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಾವು ಎರಡು ಸೆಕೆಂಡಿಗೇ ಬಾಯಿ ಹಾಕುವುದರಿಂದಲೇ ಅವರ ಉತ್ತರ ತಪ್ಪಿಹೋಗುತ್ತದೆ. ಸರಿಯಿರುವ ಕೈಯ ಹೆಬ್ಬೆರಳೋ, ಕಣ್ಣು ಮಿಟುಕಿಸುವುದೋ, ಯಾವುದು ಹೌದು ಎಂದು ಮನೆಯವರೆಲ್ಲ ಒಂದೇ ಗುರುತು ಇಟ್ಟುಕೊಳ್ಳಿ. ಚೀಟಿಯ ಹೊತ್ತಿನಲ್ಲಿ "ಈ ವಾರ ಯಾರಿಗೆ?" ಅಂತ ನಾಲ್ಕು ಜನರ ಫೋಟೋ ಒಂದೊಂದಾಗಿ ತೋರಿಸಿ, ಗುರುತು ಬಂದಲ್ಲಿ ನಿಲ್ಲಿಸಿ. ಅವರಿಗೂ ಚೀಟಿ ಬರಲಿ. ಮಗ್ಗುಲು ಹೊರಳಿಸುವಾಗ ಅವರು ಸರಿಯಿರುವ ಕೈಯಿಂದ ಮಂಚದ ಕಂಬಿ ಹಿಡಿದು ಮೈ ಹಗುರ ಮಾಡಿಕೊಟ್ಟರೆ ಅದೂ ಕೆಲಸವೇ.

ವಿಕ್ರೋಳಿ ವಾಚಕ

ಎಣ್ಣೆಗಾಯಿಯವರ ಹಾಳೆ ಮೊದಲು, ನನ್ನ ಚೀಟಿ ಆಮೇಲೆ. ಆ ಕ್ರಮವನ್ನು ಒಪ್ಪಿದೆ.

ಒಂದು ತಿದ್ದುಪಡಿ ನನ್ನದೇ ಮಾತಿಗೆ. ದಿನಾ ಬರೆದರೆ ಕೆಡುತ್ತದೆ ಅನ್ನುವುದು ಎಲ್ಲ ಕಡೆಗೂ ಅನ್ವಯಿಸುವುದಿಲ್ಲ. ಸೆಲಿಗ್‌ಮನ್ ತಂಡದ 2005ರ ಪ್ರಯೋಗದಲ್ಲಿ ಪ್ರತಿರಾತ್ರಿ ಮೂರು ಒಳ್ಳೆಯ ಸಂಗತಿ ಮತ್ತು ಅವು ಯಾಕೆ ನಡೆದವು ಎಂದು ಬರೆಯಿಸಿದ್ದು ಒಂದೇ ವಾರ. ಆರು ತಿಂಗಳ ಮೇಲೂ ಪರಿಣಾಮ ಕಂಡಿತ್ತು, ಅದೂ ತಾವಾಗಿ ಮುಂದುವರಿಸಿದವರಲ್ಲಿ ಹೆಚ್ಚು. ಎಮ್ಮನ್ಸ್ ಅವರ 2003ರ ಅಧ್ಯಯನದ ಮೂರನೇ ಭಾಗ ನರಸ್ನಾಯು ಕಾಯಿಲೆಯವರದ್ದು, ಅವರು ದಿನಾ ಬರೆದರು, 21 ದಿನ. ಅಂದರೆ ಒಂಟಿಯಾಗಿ, ಗೊತ್ತಾದ ಅವಧಿಗೆ ದಿನಾ ಬರೆಯಬಹುದು. ಕೊನೆಯೇ ಇಲ್ಲದೆ, ಇಡೀ ಮನೆಯನ್ನು ಕೂರಿಸಿಕೊಂಡು ಬೇಡ. ಸೊಸೆಗೆ ಬೇಕಾದರೆ 21 ದಿನದ ಖಾಸಗಿ ಪುಸ್ತಕ ಇರಲಿ, ಯಾರಿಗೂ ತೋರಿಸಬೇಕಾಗಿಲ್ಲ.

ಗೂಗಲ್‌ನಲ್ಲಿ "ಇದೇ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಕಲ್ಪಿಸಿಕೊಳ್ಳಿ" ಎಂಬ ವಿಧಾನವೂ ಸಿಗುತ್ತದೆ. 2008ರ ಕೂ ಮತ್ತು ಜೊತೆಗಾರರ ಕೆಲಸ, ವಿಧಾನ ಒಳ್ಳೆಯದೇ. ಆದರೆ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿರುವಾಗ ಮಗುವಿಗೆ ಇದನ್ನು ಕೊಟ್ಟರೆ ನೇರ ಸಾವಿನ ಕಡೆಗೆ ಹೋಗುತ್ತದೆ. ಪಕ್ಕದ ಮನೆಯವರು ಇಲ್ಲದಿದ್ದರೆ, ಲಿಫ್ಟ್ ಇಲ್ಲದಿದ್ದರೆ, ಅಷ್ಟರಲ್ಲೇ ಇರಲಿ.

ಮಿತಿಯನ್ನೂ ಹೇಳಿಬಿಡಬೇಕು. ಕ್ರೆಗ್ ಮತ್ತು ಚೀವನ್ಸ್ 2021ರಲ್ಲಿ 27 ಅಧ್ಯಯನಗಳನ್ನು ಕೂಡಿಸಿ ನೋಡಿದರು: ಖಿನ್ನತೆ, ಆತಂಕದ ಮೇಲೆ ಕೃತಜ್ಞತೆಯ ಅಭ್ಯಾಸಗಳ ಪರಿಣಾಮ ಇದೆ, ಆದರೆ ಸಣ್ಣದು. ಎರಡು ವಾರ ಮೀರಿ ನಿದ್ದೆ ಹತ್ತದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಬದುಕೇ ಸಾಕು ಅನ್ನಿಸುತ್ತಿದ್ದರೆ ಚೀಟಿ ಬದಿಗಿಟ್ಟು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರಿನಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ. ಮಹಾರಾಷ್ಟ್ರದಿಂದ ಮಾಡಿದರೂ ಕನ್ನಡ ಬೇಕು ಅಂತ ಕೇಳಿ.

ಎಣ್ಣೆಗಾಯಿ ಹಡಪಸರ್

ಇನ್ನೊಂದು ಮರತಿದ್ದೆ. ವಾರಕ್ಕ ಎರಡು ತಾಸು ಸೊಸಿ ಮನಿ ಹೊರಗ ಇರಬೇಕು, ಹಾಳ್ಯಾಗ ಅದನ್ನೂ ಬರೀರಿ, ದಿನ ಮತ್ತ ಹೊತ್ತು ಹಾಕಿ. "ಟೈಮ್ ಸಿಕ್ಕಾಗ ಹೋಗು" ಅಂದ್ರ ಎಂದೂ ಸಿಗಂಗಿಲ್ಲ. ಹೊರಗ ಹೋಗಿ ಸಂತಿ ಮಾಡ್ಕೊಂಡು ಬಂದ್ರ ಅದು ಲೆಕ್ಕಕ್ಕಿಲ್ಲ. ಮತ್ತ ಆ ಎರಡು ತಾಸಿನಾಗ ಫೋನ್ ಹಚ್ಚಿ "ಡಯಪರ್ ಎಲ್ಲಿಟ್ಟೀ" ಅಂತ ಕೇಳೂದು ಬಂದ್. ಅದಕ್ಕಂತ ಸಾಮಾನೆಲ್ಲ ಮಂಚದ ಕೆಳಗ ಒಂದ ಬುಟ್ಟ್ಯಾಗ ಇರ್ಲಿ: ಡಯಪರ್, ಕೈಗವಸು, ಒರಸೂ ಬಟ್ಟಿ, ಮುಲಾಮು, ಹಳೇ ಪೇಪರ್.

ಠಾಕುರ್ಲಿ ಸ್ಲೋ

ಭಾನುವಾರ ಮಧ್ಯಾಹ್ನದ ಊಟ ಆದ ಮೇಲೆ ಅಂತ ನಿಗದಿಯಾಯಿತು. ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವ ಮೆಗಾಬ್ಲಾಕ್ ಇದ್ದರೆ ಹೇಗೂ ಯಾರೂ ಎಲ್ಲಿಗೂ ಹೋಗುವುದಿಲ್ಲ. ಎರಡು ಗಂಟೆಯ ಬಿಡುವು ಶನಿವಾರ ಸಂಜೆ ಐದರಿಂದ ಏಳು, ಗಂಡನಿಗೆ ಅರ್ಧ ದಿನ ರಜೆ ಇರುವುದರಿಂದ. ಹಳೇ ಬಿಸ್ಕತ್ ಡಬ್ಬಿ ಚೀಟಿಗೆ ಸಿಕ್ಕಿದೆ. ಕೊನೆಯ ಪ್ರಶ್ನೆ: ಮಗಳು ಬರೆಯುವುದಿಲ್ಲ ಅಂತ ಕೂತರೆ?

ಕುರ್ಲಾ ಕುಚ್ಚಲಕ್ಕಿ

ಕೂರಲಿ. ನಾಲ್ಕು ವಾರ ಕೇಳಲೇಬೇಡಿ. ಉಳಿದವರ ಚೀಟಿಯಲ್ಲಿ ಅವಳ ಹೆಸರು ಬರಲಿ, ಗುಳಿಗೆ ಡಬ್ಬಿ ತುಂಬಿದ್ದೋ, ಬೆಂಡೆಕಾಯಿ ಬಿಟ್ಟದ್ದೋ, ನಿಜವಾಗಿ ನಡೆದದ್ದು ಮಾತ್ರ. ಪೆನ್ನು ಮತ್ತು ಖಾಲಿ ಚೀಟಿ ಬಿಸ್ಕತ್ ಡಬ್ಬಿಯ ಪಕ್ಕದಲ್ಲೇ ಬಿದ್ದಿರಲಿ, ಅವಳ ಕಡೆಗೆ ದೂಡಬೇಡಿ.